ಆಂಟಿವೈರಸ್ ಕೊಳ್ಳಬೇಕೇ, ಇದ್ದದ್ದೇ ಸಾಕೇ? ಮನೆ, ಅಂಗಡಿ, ಫೋನಿಗೆ ಹೊಂದುವ ರಕ್ಷಣೆ ಯಾವುದು

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೋದರೆ ಅಂಗಡಿಯವರು ಬ್ಯಾಗು, ಮೌಸಿನ ಜೊತೆಗೆ ಒಂದು ವರ್ಷದ ಆಂಟಿವೈರಸ್ಸನ್ನೂ ಬಿಲ್ಲಿಗೆ ಸೇರಿಸಲು ನೋಡುತ್ತಾರೆ. ಅದೊಂದು ಇದ್ದರೆ ಎಲ್ಲ ಭದ್ರ ಎಂದು ಹಲವರು ನಂಬಿಬಿಡುತ್ತಾರೆ. ಹಣ ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬೇರೆ: ನಿಮ್ಮಲ್ಲಿಗೆ ವೈರಸ್ ಯಾವ ದಾರಿ ಹಿಡಿದು ಬರುತ್ತದೆ? ನಮ್ಮ ಕಡೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ವಾಟ್ಸ್‌ಆ್ಯಪ್ ಅಥವಾ ಎಸ್‌ಎಂಎಸ್‌ನಲ್ಲಿ ಬರುವ ಲಿಂಕು ಮತ್ತು ಎಪಿಕೆ ಫೈಲು (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲು). ಬ್ರೌಸರಿನಲ್ಲಿ ಕಾಣುವ ಜಾಹೀರಾತು ಮತ್ತು ನಕಲಿ ಡೌನ್‌ಲೋಡ್ ಪುಟ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್. ಒಂದು ದಾರಿಗೆ ಹಾಕಿದ ಬೇಲಿ ಇನ್ನೊಂದಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ಒಂದೊಂದು ದಾರಿಗೂ ಇರುವ ಆಯ್ಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಕಂಪ್ಯೂಟರಿಗೆ: ಡಿಫೆಂಡರ್, ಉಚಿತದ್ದು, ಹಣ ಕೊಟ್ಟದ್ದು

ವಿಂಡೋಸ್ 10 ಮತ್ತು 11ರ ಒಳಗೇ ಮೈಕ್ರೋಸಾಫ್ಟ್ ಡಿಫೆಂಡರ್ ಇರುತ್ತದೆ. ಎವಿ-ಟೆಸ್ಟ್, ಎವಿ-ಕಂಪ್ಯಾರೆಟಿವ್ಸ್‌ನಂಥ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಅದು ಹಣ ಕೊಟ್ಟು ಕೊಳ್ಳುವ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತಿದೆ. ಹತ್ತು ಹದಿನೈದು ವರ್ಷದ ಹಿಂದೆ ಅದು ಹಾಗಿರಲಿಲ್ಲ, ಹಳೆಯ ಅಭಿಪ್ರಾಯ ಮಾತ್ರ ಇನ್ನೂ ಉಳಿದುಕೊಂಡಿದೆ. ಅದಕ್ಕೊಂದು ನಿಜವಾದ ಕೊರತೆಯೂ ಇದೆ. ಡಿಫೆಂಡರ್ ಹೆಚ್ಚಾಗಿ ಮೈಕ್ರೋಸಾಫ್ಟಿನ ಸರ್ವರ್‌ಗಳನ್ನು ಕೇಳಿ ತೀರ್ಮಾನಿಸುತ್ತದೆ. ಇಂಟರ್‌ನೆಟ್ ಇಲ್ಲದಾಗ ಅದರ ಗುರುತಿಸುವ ಶಕ್ತಿ ಇಳಿಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ನೆಟ್ ಸದಾ ಇರುವುದರಿಂದ ಇದು ದೊಡ್ಡ ತೊಂದರೆಯಲ್ಲ. ನೆಟ್ ಇಲ್ಲದೆ ಪೆನ್‌ಡ್ರೈವ್ ಮೇಲೇ ನಡೆಯುವ ಡಿಟಿಪಿ ಅಂಗಡಿಗೆ ದೊಡ್ಡದೇ.

ಬೇರೆ ಕಂಪನಿಗಳ ಉಚಿತ ಆಂಟಿವೈರಸ್ ಹಾಕಿಕೊಳ್ಳಲು ಈಗ ಒಳ್ಳೆಯ ಕಾರಣ ಉಳಿದಿಲ್ಲ. ಡಿಫೆಂಡರ್ ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ, ಮೇಲಿಂದ ಹಣ ಕೊಟ್ಟ ಆವೃತ್ತಿ ಕೊಳ್ಳಿ ಎಂದು ದಿನಕ್ಕೊಂದು ಪಾಪ್‌ಅಪ್ ತೋರಿಸುತ್ತವೆ. ಉಚಿತ ಎನ್ನುವುದಕ್ಕೆ ಬೆಲೆ ಇನ್ನೆಲ್ಲೋ ಇರಬಹುದು: ಬಳಕೆದಾರರು ಯಾವ ಯಾವ ತಾಣ ನೋಡಿದರು ಎಂಬ ಮಾಹಿತಿಯನ್ನು ಮಾರಿದ ಆರೋಪದ ಮೇಲೆ ಅವಾಸ್ಟ್ ಕಂಪನಿ 165 ಲಕ್ಷ ಡಾಲರ್ ಕಟ್ಟಬೇಕೆಂದು 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೇಳಿತು.

ಹಣ ಕೊಟ್ಟು ಕೊಳ್ಳುವುದರಲ್ಲಿ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮೊದಲಾಗಿ ಹೊರದೇಶದ ಕಂಪನಿಗಳವರೆಗೆ ಬೇಕಾದಷ್ಟಿವೆ. ಹೆಚ್ಚಿಗೆ ಸಿಗುವುದು ಮಕ್ಕಳ ಬಳಕೆಯ ಮೇಲೆ ಹಿಡಿತ, ಒಂದೇ ಚಂದಾದಲ್ಲಿ ಹಲವು ಸಾಧನಗಳು, ತೊಂದರೆಯಾದಾಗ ಫೋನಿನಲ್ಲಿ ಮಾತಾಡಲು ಒಬ್ಬ ಮನುಷ್ಯ. ಈ ಕೊನೆಯದು ಸಣ್ಣ ಕಚೇರಿಗೆ ನಿಜವಾಗಿಯೂ ಬೆಲೆಬಾಳುತ್ತದೆ. ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ಮೊದಲ ವರ್ಷದ ರಿಯಾಯಿತಿ ದರ ಎರಡನೇ ವರ್ಷ ಇರುವುದಿಲ್ಲ, ಹಾಗಾಗಿ ಆಟೋ ರಿನ್ಯೂವಲ್ ಆಫ್ ಮಾಡಿಡಿ. ಅವಧಿ ಮುಗಿದ ಆಂಟಿವೈರಸ್ಸನ್ನು ಹಾಗೇ ಬಿಡಬೇಡಿ. ಅದಕ್ಕೆ ಹೊಸ ವೈರಸ್‌ಗಳ ಪಟ್ಟಿ ಬರುವುದಿಲ್ಲ, ಆದರೂ ಮೂಲೆಯಲ್ಲಿ ಐಕಾನ್ ಕಾಣುತ್ತಲೇ ಇರುತ್ತದೆ. ನವೀಕರಿಸಿ, ಇಲ್ಲವೇ ಪೂರ್ತಿ ತೆಗೆದುಹಾಕಿ, ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ಡಿಫೆಂಡರ್ ಮತ್ತೆ ಆನ್ ಆಗಿದೆಯೇ ಖಚಿತ ಮಾಡಿಕೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದರೆ ದುಪ್ಪಟ್ಟು ರಕ್ಷಣೆ ಸಿಗುವುದಿಲ್ಲ. ಪ್ರತಿ ಫೈಲನ್ನೂ ಎರಡೂ ತಡೆದು ನೋಡಲು ಹೋಗಿ ಯಂತ್ರ ತೆವಳುತ್ತದೆ.

ಮನೆಗೆ ನಮ್ಮ ಆಯ್ಕೆ ಡಿಫೆಂಡರ್. ಚಂದಾಕ್ಕೆ ಇಟ್ಟ ಹಣವನ್ನು ಬ್ಯಾಕಪ್‌ಗಾಗಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿ. ಡಿಫೆಂಡರಿನಲ್ಲೂ ಕೆಲವನ್ನು ಕೈಯಾರೆ ನೋಡಬೇಕು. ವಿಂಡೋಸ್ ಸೆಕ್ಯುರಿಟಿಯ 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗೆ 'ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್' ಇದೆ, ಅಲ್ಲಿರುವ ಎಲ್ಲವನ್ನೂ ಆನ್ ಮಾಡಿ. 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಇರಲಿ. ಅಲ್ಲೇ ರ‍್ಯಾನ್ಸಮ್‌ವೇರ್ ವಿಭಾಗದಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಎಂಬುದಿದೆ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸೇ ರ‍್ಯಾನ್ಸಮ್‌ವೇರ್), ಅದು ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಯಾವ ಪ್ರೋಗ್ರಾಮೂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಫೈಲುಗಳನ್ನು ತಿದ್ದಲಾರದು. ಇದರಿಂದ ಆಗುವ ತೊಂದರೆಯೆಂದರೆ, ಹಳೆಯ ಅಕೌಂಟಿಂಗ್ ಅಥವಾ ಡಿಟಿಪಿ ಸಾಫ್ಟ್‌ವೇರ್ ಫೈಲ್ ಉಳಿಸಲಾರದೆ ಅರ್ಥವಾಗದ ಎರರ್ ಕೊಡಬಹುದು. ಆಗ ಇಡೀ ರಕ್ಷಣೆಯನ್ನೇ ಆಫ್ ಮಾಡಬೇಡಿ, ಆ ಒಂದು ಪ್ರೋಗ್ರಾಮಿಗೆ ಅಲ್ಲೇ ಅನುಮತಿ ಕೊಡಿ.

ಇನ್ನು ವಿಂಡೋಸ್ 10 ಇರುವವರ ಮಾತು. ಅದಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆ. ಆಂಟಿವೈರಸ್ ಅಪ್‌ಡೇಟ್ ಆಗುತ್ತಿದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವನ್ನಾಕ್ರೈ ವೈರಸ್ ನುಗ್ಗಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಪೆಟ್ಟು ತಿಂದದ್ದು ಆ ಅಪ್‌ಡೇಟ್ ಹಾಕದ ಯಂತ್ರಗಳು. ಯಾರೂ ಯಾವ ಲಿಂಕನ್ನೂ ಒತ್ತದೆ ಅದು ನೆಟ್‌ವರ್ಕಿನಲ್ಲಿ ತಾನೇ ಹರಡಿತು. ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಬ್ರೌಸಿಂಗ್, ಟೈಪಿಂಗ್ ಮಟ್ಟದ ಕೆಲಸಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ಗಳು ಚೆನ್ನಾಗಿಯೇ ನಡೆಯುತ್ತವೆ.

ಬ್ರೌಸರಿಗೆ: ಆಡ್‌ಬ್ಲಾಕರ್ ಮತ್ತು ಡಿಎನ್‌ಎಸ್ ಫಿಲ್ಟರ್

ಇವೆರಡೂ ಉಚಿತ. ಎರಡೂ ಲಿಂಕು ತೆರೆಯುವ ಮೊದಲೇ ತಡೆಯುತ್ತವೆ, ಆದರೆ ತಡೆಯುವ ಜಾಗ ಬೇರೆ ಬೇರೆ.

ಯಾವುದಾದರೂ ಸಾಫ್ಟ್‌ವೇರ್ ಹೆಸರನ್ನು ಹುಡುಕಿದಾಗ ಫಲಿತಾಂಶದ ನೆತ್ತಿಯ ಮೇಲೆ ಬರುವುದು ಅಸಲಿ ತಾಣವೇ ಆಗಿರಬೇಕಿಲ್ಲ. ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು, ವಂಚಕರೂ ಹಣ ಕೊಡುತ್ತಾರೆ. ಬ್ಯಾಂಕಿನ ಕಸ್ಟಮರ್ ಕೇರ್ ನಂಬರು ಹುಡುಕುವಾಗಲೂ ಇದೇ ಕಥೆ. ಆಡ್‌ಬ್ಲಾಕರ್ ಇಂಥ ಜಾಹೀರಾತು ಕಣ್ಣಿಗೇ ಬೀಳದಂತೆ ಮಾಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಆರಿಜಿನ್ ಪೂರ್ಣ ರೂಪದಲ್ಲಿ ಸಿಗುತ್ತದೆ, ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲೂ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿಗೆ ಉಳಿದಿರುವುದು ಯುಬ್ಲಾಕ್ ಆರಿಜಿನ್ ಲೈಟ್. ಅದರ ಶಕ್ತಿ ಸ್ವಲ್ಪ ಕಡಿಮೆ, ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. ಇವನ್ನು ಬ್ರೌಸರಿನ ಅಧಿಕೃತ ಸ್ಟೋರಿನಿಂದ ಮಾತ್ರ ಹಾಕಿ. ಹೆಸರು ಸ್ವಲ್ಪ ಬದಲಿಸಿದ ನಕಲಿಗಳು ಇಲ್ಲೂ ಉಂಟು.

ಡಿಎನ್‌ಎಸ್ ಫಿಲ್ಟರ್ ಇಡೀ ಸಾಧನಕ್ಕೆ ಅನ್ವಯಿಸುತ್ತದೆ; ಡಿಎನ್‌ಎಸ್ ಎಂದರೆ ತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆ. ವೈ-ಫೈ ರೌಟರಿನಲ್ಲಿ ಹಾಕಿದರೆ ಮನೆಯ ಎಲ್ಲ ಸಾಧನಗಳಿಗೂ. ಕೆಟ್ಟದ್ದೆಂದು ಗೊತ್ತಿರುವ ತಾಣದ ವಿಳಾಸ ಕೇಳಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಇಂಥ ಉಚಿತ ಸೇವೆಗಳಲ್ಲಿ ಕ್ವಾಡ್9 ಬೇಕಿದ್ದರೆ 9.9.9.9 ಮತ್ತು 149.112.112.112, ಕ್ಲೌಡ್‌ಫ್ಲೇರ್ ಬೇಕಿದ್ದರೆ 1.1.1.2 ಮತ್ತು 1.0.0.2. ಮಕ್ಕಳಿರುವ ಮನೆಗೆ 1.1.1.3 ಹಾಕಿದರೆ ಅಶ್ಲೀಲ ತಾಣಗಳೂ ಬಂದ್. ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ: 1.1.1.1 ಅಥವಾ ಗೂಗಲ್‌ನ 8.8.8.8 ಹಾಕಿ ರಕ್ಷಣೆ ಸಿಕ್ಕಿತೆಂದುಕೊಳ್ಳುತ್ತಾರೆ. ಅವೆರಡೂ ವೈರಸ್ ತಾಣಗಳನ್ನು ಸೋಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ 'ಪ್ರೈವೇಟ್ ಡಿಎನ್‌ಎಸ್' ಇದೆ. ಅಲ್ಲಿ ಅಂಕಿಯ ಬದಲು ಹೆಸರು ಕೊಡಬೇಕು, ಕ್ವಾಡ್9ಕ್ಕಾದರೆ 'ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್'. ಲಾಡ್ಜಿನಲ್ಲೋ ರೈಲು ನಿಲ್ದಾಣದಲ್ಲೋ ವೈ-ಫೈ ಲಾಗಿನ್ ಪುಟ ತೆರೆಯದೆ ಕಾಡಿದರೆ ಇದನ್ನು ತಾತ್ಕಾಲಿಕವಾಗಿ ಆಟೋಮ್ಯಾಟಿಕ್‌ಗೆ ತಂದು, ಲಾಗಿನ್ ಆದ ಮೇಲೆ ಮತ್ತೆ ಹಾಕಿ.

ಡಿಎನ್‌ಎಸ್ ಫಿಲ್ಟರಿನ ಮಿತಿಯೂ ಗೊತ್ತಿರಲಿ. ಇವತ್ತು ಬೆಳಿಗ್ಗೆ ಹುಟ್ಟಿದ ನಕಲಿ ತಾಣ ಅದರ ಪಟ್ಟಿಯಲ್ಲಿ ಇರುವುದಿಲ್ಲ. ವೈರಸ್ ಫೈಲನ್ನು ಗೂಗಲ್ ಡ್ರೈವ್‌ನಲ್ಲೋ ಟೆಲಿಗ್ರಾಂನಲ್ಲೋ ಇಟ್ಟಿದ್ದರೆ ಅದಕ್ಕೆ ತಡೆಯಲಾಗದು, ಯಾಕೆಂದರೆ ಗೂಗಲ್ ಡ್ರೈವನ್ನೇ ಬಂದ್ ಮಾಡುವಂತಿಲ್ಲ. ಒಂದನ್ನೇ ಆರಿಸಬೇಕೆಂದರೆ ಕಂಪ್ಯೂಟರಿಗೆ ಆಡ್‌ಬ್ಲಾಕರ್, ಫೋನಿಗೆ ಡಿಎನ್‌ಎಸ್. ಎರಡನ್ನೂ ಹಾಕುವುದಕ್ಕೆ ಹತ್ತು ನಿಮಿಷ ಹಿಡಿಯುವುದಿಲ್ಲ, ಹಾಕಿಬಿಡಿ.

ಇವು ಯಾವುವೂ ನಿಲ್ಲಿಸದ ಒಂದು ಮೋಸ 2024ರಿಂದ ವಿಪರೀತ ಹೆಚ್ಚಿದೆ. ಯಾವುದೋ ತಾಣ ತೆರೆದಾಗ 'ನೀವು ರೋಬೋ ಅಲ್ಲವೆಂದು ತೋರಿಸಿ' ಎಂಬ ಚೌಕ ಬರುತ್ತದೆ. ಟಿಕ್ ಮಾಡಿದ ಕೂಡಲೇ ಮೂರು ಸೂಚನೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೀವು ಟಿಕ್ ಮಾಡಿದ ಗಳಿಗೆಯಲ್ಲೇ ಆ ಪುಟ ಒಂದು ಆದೇಶವನ್ನು ಸದ್ದಿಲ್ಲದೆ ಕ್ಲಿಪ್‌ಬೋರ್ಡಿಗೆ ನಕಲಿಸಿರುತ್ತದೆ. ವಿಂಡೋಸ್ ಜೊತೆ ಆರ್ ಎಂದರೆ ರನ್ ಪೆಟ್ಟಿಗೆ. ಕಂಟ್ರೋಲ್-ವಿ ಆ ಆದೇಶವನ್ನು ಅಲ್ಲಿ ಅಂಟಿಸುತ್ತದೆ, ಎಂಟರ್ ಒತ್ತಿದರೆ ಆದೇಶ ನಡೆಸುವ ವಿಂಡೋಸಿನದ್ದೇ ಪವರ್‌ಶೆಲ್ ಮೂಲಕ ವೈರಸ್ ಇಳಿದು ಓಡುತ್ತದೆ. ಆದೇಶ ಕೊಟ್ಟವರು ನೀವೇ ಆದ್ದರಿಂದ ಎಷ್ಟೋ ಸಲ ಆಂಟಿವೈರಸ್ ಸುಮ್ಮನಿರುತ್ತದೆ. ಹೀಗೆ ಬರುವವು ಹೆಚ್ಚಾಗಿ ಮಾಹಿತಿಗಳ್ಳ ವೈರಸ್‌ಗಳು: ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಲಾಗಿನ್ ಕುಕೀಗಳನ್ನು (ನೀವು ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ತಿಳಿಸುವ ಗುರುತು) ಕೆಲವೇ ನಿಮಿಷದಲ್ಲಿ ಸಾಗಿಸುತ್ತವೆ. ಲುಮ್ಮಾ ಎಂಬ ಅಂಥದ್ದೊಂದು 2025ರ ಮಾರ್ಚ್ 16ರಿಂದ ಮೇ 16ರೊಳಗೆ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದ್ದುದನ್ನು ಮೈಕ್ರೋಸಾಫ್ಟ್ ಗುರುತಿಸಿತು. ಯಾವ ಅಸಲಿ ತಾಣವೂ ರನ್ ಪೆಟ್ಟಿಗೆ ತೆರೆಯಿರಿ ಎನ್ನುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಎಲ್ಲರಿಗೂ ಇದೊಂದನ್ನು ಹೇಳಿಡಿ.

ಲಿಂಕನ್ನು ಪರೀಕ್ಷಿಸುವುದು: ಕಣ್ಣಿನಿಂದಲೋ, ತಾಣದಿಂದಲೋ

ಕರ್ನಾಟಕದಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ 2023ರಲ್ಲೂ 2025ರಲ್ಲೂ ಶೇ. 50 ರಿಯಾಯಿತಿ ಬಂತು. ಹಾಗಾಗಿ 'ನಿಮ್ಮ ಗಾಡಿಗೆ ದಂಡ ಬಾಕಿ ಇದೆ, ಇಲ್ಲಿ ಕಟ್ಟಿ' ಎಂಬ ಸಂದೇಶವನ್ನು ನಂಬುವುದು ಸಹಜ. ಅಂಥ ಸಂದೇಶದಲ್ಲಿ 'ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್ ಡಾಟ್ ಚಲನ್‌ಪೇ ಡಾಟ್ ಟಾಪ್' ಎಂಬ ಲಿಂಕು ಇದೆ ಎನ್ನಿ. ಎಡದಿಂದ ಓದಿದರೆ ಸರ್ಕಾರದ್ದೇ ಅನಿಸುತ್ತದೆ. ಓದಬೇಕಾದ್ದು ಬಲದಿಂದ. ಎರಡು ಓರೆಗೆರೆಯ ನಂತರ ಬರುವ ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಕೊನೆಯ ಎರಡು ತುಣುಕು, ಡಾಟ್ ಇನ್‌ನಂಥ ವಿಳಾಸಗಳಲ್ಲಿ ಕೆಲವೊಮ್ಮೆ ಮೂರು, ಇವೇ ಮಾಲೀಕನ ಹೆಸರು. ಇಲ್ಲಿ ಮಾಲೀಕ 'ಚಲನ್‌ಪೇ ಡಾಟ್ ಟಾಪ್', ಅದರ ಎಡಕ್ಕಿರುವುದೆಲ್ಲ ಅವನೇ ಬರೆದುಕೊಂಡ ಅಲಂಕಾರ. ಪರಿವಾಹನ್‌ನಂಥ ಸರ್ಕಾರಿ ತಾಣವಾದರೆ ಓರೆಗೆರೆಗೆ ತಾಗಿದಂತೆ 'ಜಿಒವಿ ಡಾಟ್ ಇನ್' ಇರಬೇಕು. ಬ್ಯಾಂಕುಗಳ ವಿಷಯ ಈಗ ಸುಲಭವಾಗಿದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕಿತ್ತು, ನೋಂದಾಯಿತ ಬ್ಯಾಂಕಲ್ಲದೆ ಬೇರೆಯವರಿಗೆ ಆ ವಿಳಾಸ ಸಿಗದು. ವಿಳಾಸಪಟ್ಟಿಯ ಬೀಗದ ಗುರುತನ್ನು ಮಾತ್ರ ನೆಚ್ಚಬೇಡಿ. ನಡುವೆ ಯಾರೂ ಕದ್ದು ಓದಲಾರರು ಎನ್ನುವುದಷ್ಟೇ ಅದರ ಅರ್ಥ, ಕಳ್ಳನ ತಾಣಕ್ಕೂ ಅದು ಉಚಿತವಾಗಿ ಸಿಗುತ್ತದೆ.

ವೈರಸ್‌ಟೋಟಲ್ ತಾಣಕ್ಕೆ ಲಿಂಕು ಕೊಟ್ಟರೆ ಹತ್ತಾರು ಆಂಟಿವೈರಸ್ ಸಂಸ್ಥೆಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಕೆಟ್ಟದ್ದೆಂದು ನಾಲ್ಕೈದು ಸಂಸ್ಥೆಗಳು ಹೇಳಿದರೆ ನಂಬಿ. ಸೊನ್ನೆ ಬಂದರೆ ಒಳ್ಳೆಯದೆಂದು ನಂಬಬೇಡಿ: ಲಿಂಕು ತೀರ ಹೊಸದಿರಬಹುದು, ಅಥವಾ ಆ ತಾಣ ಪರೀಕ್ಷಕರಿಗೆ ಖಾಲಿ ಪುಟವನ್ನೂ ಭಾರತದ ಮೊಬೈಲಿಗೆ ಮಾತ್ರ ವಂಚನೆಯ ಪುಟವನ್ನೂ ತೋರಿಸುತ್ತಿರಬಹುದು. ಆಧಾರ್, ಪಹಣಿ, ಸಂಬಳದ ಚೀಟಿ ಇರುವ ಫೈಲನ್ನು ಅಲ್ಲಿಗೆ ಏರಿಸಬೇಡಿ, ಏರಿಸಿದ ಫೈಲು ಬೇರೆ ಸಂಸ್ಥೆಗಳ ಕೈಗೂ ಹೋಗುತ್ತದೆ.

ಎರಡಕ್ಕಿಂತಲೂ ಗಟ್ಟಿಯಾದ ಮೂರನೆಯ ದಾರಿ, ಲಿಂಕನ್ನು ಒತ್ತದೇ ಇರುವುದು. ದಂಡ ನಿಜವಾಗಿ ಬಾಕಿ ಇದ್ದರೆ ಪರಿವಾಹನ್ ತಾಣವನ್ನು ನೀವೇ ಟೈಪ್ ಮಾಡಿ ಗಾಡಿ ನಂಬರು ಹಾಕಿದರೂ ಕಾಣುತ್ತದೆ, ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರದಲ್ಲೂ ಕಟ್ಟಬಹುದು. ಬ್ಯಾಂಕಿನ ಕೆವೈಸಿ ಬಾಕಿಯಿದ್ದರೆ ಬ್ಯಾಂಕಿನ ಆ್ಯಪಿನ ಒಳಗೇ ಹೇಳಿರುತ್ತದೆ. ಅಪ್ಪ ಅಮ್ಮನಿಗೆ ವಿಳಾಸ ಓದುವುದನ್ನು ಕಲಿಸುವುದಕ್ಕಿಂತ ಈ ಅಭ್ಯಾಸ ಮಾಡಿಸುವುದು ಸುಲಭ, ಫಲವೂ ಹೆಚ್ಚು.

ಫೋನಿಗೆ: ಬೇಕಾದ್ದು ಆಂಟಿವೈರಸ್ ಆ್ಯಪಲ್ಲ, ಒಂದು ಸೆಟ್ಟಿಂಗ್

ಮದುವೆ ಕರೆಯೋಲೆ, ಪಿಎಂ ಕಿಸಾನ್, ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎಪಿಕೆ ಫೈಲು ಇವತ್ತು ಫೋನಿನ ದೊಡ್ಡ ಅಪಾಯ. ಗುರುತಿನವರ ನಂಬರಿನಿಂದಲೇ ಬರುವುದು ಇದರ ಕಷ್ಟ: ಅವರ ಫೋನಿಗೆ ಮೊದಲು ಹತ್ತಿಕೊಂಡಿರುತ್ತದೆ, ಅಲ್ಲಿಂದ ಅವರ ಎಲ್ಲ ಗುಂಪುಗಳಿಗೂ ತಾನೇ ಹೋಗುತ್ತದೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ವಿಡಿಯೋ ಆಗಿಯೋ ಬರುತ್ತದೆ. ಎಪಿಕೆ ಎಂದರೆ ಆ್ಯಪ್, ಇನ್ನೇನೂ ಅಲ್ಲ. ಹಾಕಿದ ಮೇಲೆ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳಿ ಒಟಿಪಿಗಳನ್ನು ಕಳ್ಳನಿಗೆ ರವಾನಿಸುತ್ತದೆ. ಆಕ್ಸೆಸಿಬಿಲಿಟಿ ಅನುಮತಿ ಸಿಕ್ಕರೆ ಪರದೆಯ ಮೇಲಿರುವುದನ್ನು ಓದಿ, ತಾನೇ ಬಟನ್ ಒತ್ತಬಲ್ಲದು.

ಇದಕ್ಕೆ ಹಣ ಕೊಟ್ಟು ಫೋನ್ ಆಂಟಿವೈರಸ್ ಕೊಳ್ಳುವುದಕ್ಕಿಂತ ಬಾಗಿಲನ್ನೇ ಮುಚ್ಚುವುದು ಮೇಲು. ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಅಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್'. ವಾಟ್ಸ್‌ಆ್ಯಪ್, ಕ್ರೋಮ್, ಟೆಲಿಗ್ರಾಂ, ಫೈಲ್ಸ್ ಎಲ್ಲದರ ಎದುರೂ 'ನಾಟ್ ಅಲೌಡ್' ಎಂದಿರಬೇಕು. ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ 'ಆಟೋ ಬ್ಲಾಕರ್' ಆನ್ ಮಾಡಿದರೆ ಇದೇ ಕೆಲಸ ಒಂದೇಟಿಗೆ ಆಗುತ್ತದೆ. ಆ್ಯಪ್‌ಗಳನ್ನು ಪರೀಕ್ಷಿಸುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಯಾವತ್ತೂ ಆನ್ ಇರಲಿ. ಹೊರಗಿನಿಂದ ಬಂದು ಎಸ್‌ಎಂಎಸ್, ನೋಟಿಫಿಕೇಶನ್, ಆಕ್ಸೆಸಿಬಿಲಿಟಿ ಕೇಳುವ ಆ್ಯಪ್‌ಗಳನ್ನು ತಡೆಯುವ ವ್ಯವಸ್ಥೆಯನ್ನು ಗೂಗಲ್ 2024ರಲ್ಲಿ ಭಾರತಕ್ಕೂ ತಂದಿತು. ಅದನ್ನು ಆಫ್ ಮಾಡಿ ಎಂದು ಯಾರಾದರೂ ಫೋನಿನಲ್ಲಿ ಹೇಳುತ್ತಿದ್ದರೆ ಆ ಕರೆ ಮೋಸದ್ದು. ಐಫೋನಿಗೆ ಎಪಿಕೆ ಹತ್ತುವುದಿಲ್ಲ, ನಕಲಿ ಲಾಗಿನ್ ಪುಟ ಮಾತ್ರ ಅಲ್ಲೂ ಅಷ್ಟೇ ಚೆನ್ನಾಗಿ ತೆರೆಯುತ್ತದೆ.

ಆ ನಕಲಿ ಪುಟಕ್ಕೆ ಪಾಸ್‌ವರ್ಡ್ ಹೋದರೂ ಖಾತೆ ಉಳಿಯಬೇಕೆಂದರೆ ಎರಡನೇ ಬೀಗ ಬೇಕು. ಎಸ್‌ಎಂಎಸ್ ಒಟಿಪಿ ಅತ್ಯಂತ ದುರ್ಬಲ. ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ವಾಸಿ, ಆದರೆ ಅದರ ಆರಂಕಿಯನ್ನೂ ನಕಲಿ ಪುಟದಲ್ಲಿ ನೀವೇ ಟೈಪ್ ಮಾಡಿಕೊಟ್ಟುಬಿಡಬಹುದು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಪಾಸ್‌ಕೀ ಅಸಲಿ ವಿಳಾಸಕ್ಕೆ ಮಾತ್ರ ಕಟ್ಟಿಕೊಂಡಿರುತ್ತದೆ, ನಕಲಿ ತಾಣದಲ್ಲಿ ಕೆಲಸವೇ ಮಾಡುವುದಿಲ್ಲ. ನಿಮ್ಮ ಮುಖ್ಯ ಇಮೇಲ್ ಖಾತೆಗೆ ಪಾಸ್‌ಕೀ ಹಾಕುವುದನ್ನು ಮುಂದೂಡಬೇಡಿ.

ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗೆ

ಇಲ್ಲಿ ಲೆಕ್ಕ ಬೇರೆ. ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಚುಚ್ಚುವ, ನೆಟ್ ಇಲ್ಲದ ಅಥವಾ ಆಗಾಗ ಕೈಕೊಡುವ ಯಂತ್ರಕ್ಕೆ, ಆಫ್‌ಲೈನ್‌ನಲ್ಲೂ ಚೆನ್ನಾಗಿ ಹಿಡಿಯುವ ಆಂಟಿವೈರಸ್ ಹಣ ಕೊಟ್ಟು ಕೊಳ್ಳುವುದು ಸರಿ. ಅದರ ಅಪ್‌ಡೇಟ್‌ಗಾಗಿ ದಿನಕ್ಕೊಮ್ಮೆಯಾದರೂ ನೆಟ್ ಕೊಡಿ. ಗಿರಾಕಿಯ ಪೆನ್‌ಡ್ರೈವ್ ತೆರೆದಾಗ ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಡಬಲ್ ಕ್ಲಿಕ್ ಮಾಡಬೇಡಿ. ಅಸಲಿ ಫೈಲುಗಳು ಅಳಿದಿಲ್ಲ, ಅಡಗಿವೆ. ಮೊದಲು ಡ್ರೈವನ್ನು ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಶನ್ಸ್‌ನಲ್ಲಿ ಅಡಗಿದ ಫೈಲು ತೋರಿಸುವಂತೆ ಮಾಡಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಟಿಕ್ಕನ್ನು ತೆಗೆದರೆ ಕಾಣಿಸಿಕೊಳ್ಳುತ್ತವೆ.

ಕ್ರ್ಯಾಕ್ ಮಾಡಿದ ಫೋಟೋಶಾಪ್, ಕೋರೆಲ್‌ಡ್ರಾಗಳ ಸೂಚನೆಯ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಎಂದಿರುತ್ತದೆ. ಹಾಗೆ ಮಾಡುವುದಾದರೆ ಮೇಲೆ ಹೇಳಿದ ಯಾವ ರಕ್ಷಣೆಗೂ ಅರ್ಥವಿಲ್ಲ. ಯೂನಿಕೋಡ್ ಕನ್ನಡದ ಕೆಲಸವಾದರೆ ಇಂಕ್‌ಸ್ಕೇಪ್, ಗಿಂಪ್ ಉಚಿತವಾಗಿ ಸಿಗುತ್ತವೆ, ಒತ್ತಕ್ಷರವನ್ನೂ ಸರಿಯಾಗಿ ತೋರಿಸುತ್ತವೆ. ಕನ್ನಡ ಟೈಪಿಂಗಿಗೆಂದು ಸಿಕ್ಕ ಸಿಕ್ಕ ಡೌನ್‌ಲೋಡ್ ತಾಣಕ್ಕೆ ಹೋಗಬೇಕಿಲ್ಲ, ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ. ಜಿಪ್, ರಾರ್ ಫೈಲು ಬಿಚ್ಚಲು ವಿನ್‌ರಾರ್ ಬಳಸುವವರು ಗಮನಿಸಿ: ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 2025ರಲ್ಲಿ ದಾಳಿಕೋರರು ಬಳಸಿದ ರಂಧ್ರ ಮುಚ್ಚಿದ್ದು 7.13ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದಿದ್ದರೆ ಇವತ್ತೇ ಬದಲಿಸಿ.

ಬ್ಯಾಕಪ್: ಹಾರ್ಡ್‌ಡಿಸ್ಕೋ, ಕ್ಲೌಡೋ

ರ‍್ಯಾನ್ಸಮ್‌ವೇರ್ ಫೈಲುಗಳಿಗೆ ಬೀಗ ಹಾಕಿದರೆ ಕ್ಲೌಡ್ ಅದೇ ಬೀಗ ಹಾಕಿದ ಫೈಲನ್ನು ಸಿಂಕ್ ಮಾಡಿಬಿಡುತ್ತದೆ. ಗೂಗಲ್ ಡ್ರೈವ್‌ನಲ್ಲಿ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಉಳಿಯುತ್ತವೆ, ಒಂದೊಂದೇ ಹಿಂದಕ್ಕೆ ತರಬಹುದು. ಉಚಿತ ಜಾಗ 15 ಜಿಬಿ ಮಾತ್ರ. ಹಾರ್ಡ್‌ಡಿಸ್ಕ್ ದೊಡ್ಡದು, ಬೇಗ. ಆದರೆ ಸದಾ ಚುಚ್ಚಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ವಾರಕ್ಕೊಮ್ಮೆ ಚುಚ್ಚಿ, ನಕಲು ಮಾಡಿ, ಕಿತ್ತಿಡಿ. ಫೋಟೋ, ಆಸ್ತಿ ಪತ್ರಗಳಂಥವನ್ನು ಎರಡೂ ಕಡೆ ಇಡಿ.

ಒತ್ತಿಬಿಟ್ಟಿದ್ದರೆ

ಫೋನಿನಲ್ಲಿ ಎಪಿಕೆ ಹಾಕಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ವೈ-ಫೈ ಕೂಡ ಆಫ್ ಆಗಿದೆಯೇ ನೋಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡು, ಯುಪಿಐ ತಡೆಹಿಡಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ತಡೆಯುವ ವ್ಯವಸ್ಥೆ ಅದು, ಹಾಗಾಗಿ ಮೊದಲ ಒಂದೆರಡು ಗಂಟೆಗೆ ಬಹಳ ಬೆಲೆ. ದೂರಿನ ನಂಬರು ಬರೆದುಕೊಂಡು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಬ್ಯಾಂಕಿನದ್ದೂ ನಿಮ್ಮದೂ ತಪ್ಪಿಲ್ಲದೆ ಹಣ ಹೋದ ಪ್ರಕರಣದಲ್ಲಿ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊರೆ ಬೀಳಬಾರದೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಬ್ಯಾಂಕಿಗೆ ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ.

ಆ್ಯಪ್ ತೆಗೆಯುವುದಕ್ಕೂ ಫ್ಯಾಕ್ಟರಿ ರೀಸೆಟ್ ಮಾಡುವುದಕ್ಕೂ ನಡುವೆ ಆರಿಸುವುದಾದರೆ, ಎಸ್‌ಎಂಎಸ್ ಅಥವಾ ಆಕ್ಸೆಸಿಬಿಲಿಟಿ ಅನುಮತಿ ಕೊಟ್ಟಿದ್ದಲ್ಲಿ ರೀಸೆಟ್ಟೇ ಸರಿ. ಅದಕ್ಕೂ ಮೊದಲು ಪರದೆಯಲ್ಲಿ ಕಾಣುವ ಎಪಿಕೆ ಸಂದೇಶದ, ಹಣ ಕಡಿತದ ಎಸ್‌ಎಂಎಸ್‌ನ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ, ಠಾಣೆಯಲ್ಲಿ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ರನ್ ಪೆಟ್ಟಿಗೆಯ ಮೋಸಕ್ಕೆ ಬಿದ್ದಿದ್ದರೆ ನೆಟ್ ಕಿತ್ತು, 'ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ನಡೆಸಿ, ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರಿನಿಂದ ಬದಲಿಸಬೇಡಿ, ಬೇರೆ ಸಾಧನದಿಂದ ಬದಲಿಸಿ, ಪ್ರತಿ ಖಾತೆಯಲ್ಲೂ 'ಎಲ್ಲ ಸಾಧನಗಳಿಂದ ಲಾಗೌಟ್' ಒತ್ತಿ. ಕದ್ದ ಕುಕೀ ಕಳ್ಳನ ಬಳಿ ಇರುವವರೆಗೆ ಬರೀ ಪಾಸ್‌ವರ್ಡ್ ಬದಲಿಸಿದರೆ ಅವನು ಹೊರಗೆ ಹೋಗದಿರಬಹುದು.